ಶುದ್ಧ ಜಲಜನಕ, ಹಸಿರು ಜಲಜನಕ: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಗ್ರೀನ್ ಹೈಡ್ರೋಜನ್ ಬಗ್ಗೆ, ಅಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆಯುವ ಹೈಡ್ರೋಜನ್ (ಜಲಜನಕ) ಬಗ್ಗೆ, ಒಂದು ಲೇಖನ ಬರೆಯುತ್ತಿದ್ದೇನೆ. ವಿಜ್ಞಾನ ಓದದವರಿಗೂ ಸಲೀಸಾಗಿ ತಿಳಿಯಬೇಕು ಅನ್ನೋದು ನನ್ನಾಸೆ. ವಿಷಯ ಹೇಗೋ ಹಿಡಿತಕ್ಕೆ ಬಂತು, ಪದಗಳು ಮಾತ್ರ ಕೈಕೊಡುತ್ತಿವೆ. ಮೊದಲ ಸಾಲನ್ನೇ 'ಹಸಿರು ಜಲಜನಕ ಒಂದು ಶುದ್ಧ ಇಂಧನ' ಅಂತ ಬರೆದು ಮುಂದೆ ಹೋಗಿದ್ದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಮರುದಿನ ಓದಿದಾಗ ಒಂದೊಂದು ಪದವೂ ತಕರಾರು ತೆಗೆಯಿತು.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರೋದು 'ಶುದ್ಧ'. ಕ್ಲೀನ್‌ಗೂ ಶುದ್ಧ, ಪ್ಯೂರ್‌ಗೂ ಶುದ್ಧ. ಬೇರೆ ಕಡೆ ಹೇಗೋ ನಡೆದುಹೋಗುತ್ತದೆ, ಹೈಡ್ರೋಜನ್ ವಿಷಯದಲ್ಲಿ ನಡೆಯೋದಿಲ್ಲ, ಯಾಕೆಂದರೆ ಇಲ್ಲಿ ಎರಡು ಅರ್ಥವೂ ಒಂದೇ ಪ್ಯಾರಾದಲ್ಲಿ ಬೇಕಾಗುತ್ತವೆ. ಕಾರಿನೊಳಗೆ ಹೈಡ್ರೋಜನ್‌ನಿಂದ ಕರೆಂಟು ಮಾಡುವ ಫ್ಯುಯೆಲ್ ಸೆಲ್‌ಗೆ ಹಾಕುವ ಹೈಡ್ರೋಜನ್ ಶೇ. 99.97ರಷ್ಟು ಶುದ್ಧವಾಗಿರಬೇಕು. ಕಾರ್ಬನ್ ಮೊನಾಕ್ಸೈಡ್ ಚೂರೇ ಚೂರು ಬೆರೆತಿದ್ದರೂ ಅದು ಒಳಗಿನ ಪ್ಲಾಟಿನಮ್‌ಗೆ ಅಂಟಿಕೊಂಡು ಸೆಲ್ ಸೊರಗುತ್ತದೆ. ಆದರೆ ಇಷ್ಟೇ ಶುದ್ಧವಾದ ಹೈಡ್ರೋಜನ್ನನ್ನು ನೈಸರ್ಗಿಕ ಅನಿಲದಿಂದಲೂ ತೆಗೆಯಬಹುದು. ಹಾಗೆ ತೆಗೆದರೆ 1 ಕೆ.ಜಿ. ಹೈಡ್ರೋಜನ್‌ಗೆ ಸುಮಾರು 9–10 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸಿಲಿಂಡರಿನೊಳಗೆ ಅಪ್ಪಟ, ಹುಟ್ಟಿದ ಕಡೆ ಹೊಲಸು. ಇದನ್ನು 'ಶುದ್ಧ ಜಲಜನಕ' ಅಂದರೂ ಸುಳ್ಳಲ್ಲ, ಅಲ್ಲ ಅಂದರೂ ಸುಳ್ಳಲ್ಲ!

ಬದಲಿಗೆ ಏನು ಹಾಕೋಣ? 'ಸ್ವಚ್ಛ' ಅಂದರೆ ಯಾರೋ ಕಸ ಗುಡಿಸಿದ ಹಾಗೆ ಕೇಳುತ್ತದೆ. 'ಚೊಕ್ಕ' ನೋಡಿದೆ, ಚೊಕ್ಕ ಚಿನ್ನ ಅಂದಾಗ ಅದೂ ಪ್ಯೂರ್ ಕಡೆಗೇ ವಾಲುತ್ತದೆ. 'ಹೊಗೆಯಿಲ್ಲದ' ನನಗೆ ಇಷ್ಟ, ಆದರೆ ಕಾರ್ಬನ್ ಡೈಆಕ್ಸೈಡ್ ಹೊಗೆಯ ಹಾಗೆ ಕಣ್ಣಿಗೆ ಕಾಣೋದೇ ಇಲ್ಲವಲ್ಲ.

ಇನ್ನು 'ಹಸಿರು'. ಅನಿಲಕ್ಕೆ ಬಣ್ಣವೇ ಇಲ್ಲ, ಉರಿದರೆ ಜ್ವಾಲೆಯೂ ಹಗಲಲ್ಲಿ ಕಾಣದಷ್ಟು ತೆಳು. ಮೊನ್ನೆ ಮಗಳಿಗೆ ತೋರಿಸೋಣ ಅಂತ ಒಂದು ಲೋಟ ನೀರಿಗೆ ಅಡುಗೆ ಸೋಡಾ ಕರಗಿಸಿ, 9 ವೋಲ್ಟ್ ಬ್ಯಾಟರಿಗೆ ಎರಡು ವೈರು ಸಿಕ್ಕಿಸಿ, ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್‌ಗಳನ್ನು ಅದ್ದಿದೆ. ಮೈನಸ್ ಕಡೆಯ ಪೆನ್ಸಿಲ್ ತುದಿಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು, ಪ್ಲಸ್ ಕಡೆ ಕಮ್ಮಿ, ನೀರಿನಲ್ಲಿ ಆಕ್ಸಿಜನ್ ಒಂದು ಪಾಲು ಇದ್ದರೆ ಹೈಡ್ರೋಜನ್ ಎರಡು ಪಾಲು ಇರೋದರಿಂದ. 'ಅಪ್ಪಾ, ಇದು ಹಸಿರಾ?' ಅಂದಳು. 'ಬ್ಯಾಟರಿಯನ್ನು ಕೇಳು' ಅಂದೆ. ತಮಾಷೆಗೆ ಅಂದಿದ್ದು, ಆದರೆ ಇಡೀ ಲೇಖನದ ತಿರುಳು ಅಷ್ಟೇ. ಗುಳ್ಳೆಯನ್ನು ನೋಡಿ ಏನೂ ಹೇಳೋಕಾಗಲ್ಲ, ಕರೆಂಟು ಎಲ್ಲಿಂದ ಬಂತು ಅಂತ ನೋಡಬೇಕು. ಬಿಸಿಲು, ಗಾಳಿಯಿಂದ ಬಂದರೆ ಹಸಿರು. ಕಲ್ಲಿದ್ದಲಿನಿಂದ ಬಂದ ಕರೆಂಟು ಹಾಕಿದಿರೋ, ಕೆಟ್ಟಿರಿ. 1 ಕೆ.ಜಿ. ಹೈಡ್ರೋಜನ್ ತೆಗೆಯೋಕೆ 50–55 ಯೂನಿಟ್ ಬೇಕು, ಕಲ್ಲಿದ್ದಲಿನ ಒಂದೊಂದು ಯೂನಿಟ್‌ಗೂ ಹತ್ತಿರ ಹತ್ತಿರ 1 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಲೆಕ್ಕ ಹಾಕಿ, ನೈಸರ್ಗಿಕ ಅನಿಲದ್ದಕ್ಕಿಂತ ಐದಾರು ಪಟ್ಟು ಹೊಲಸು. ಅದೇ ನೀರು, ಅದೇ ಯಂತ್ರ.

ಕನ್ನಡದಲ್ಲಿ ಈ ಪದಕ್ಕೆ ಇನ್ನೊಂದು ಪೇಚು. 'ಹಸಿರುಮನೆ ಅನಿಲ' ಅಂದರೆ ಕೆಟ್ಟದ್ದು, 'ಹಸಿರು ಅನಿಲ' ಅಂದರೆ ಒಳ್ಳೆಯದು, ನಡುವೆ ಒಂದು 'ಮನೆ' ಮಾತ್ರ. 'ಹಸಿರು ಕ್ರಾಂತಿ'ಯನ್ನೂ ನೆನೆಯಿರಿ. ಅದು ನಡೆದದ್ದು ಬಹುಪಾಲು ಯೂರಿಯಾದಂಥ ಗೊಬ್ಬರದ ಮೇಲೆ, ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು, ಆ ಹೈಡ್ರೋಜನ್ ಬಹುಪಾಲು ಬಂದದ್ದು ನೈಸರ್ಗಿಕ ಅನಿಲ, ಕಚ್ಚಾ ತೈಲದಿಂದ ಸಿಗುವ ನ್ಯಾಫ್ತಾ, ಕಲ್ಲಿದ್ದಲಿನಿಂದ. ಇಂದಿನ ಬಣ್ಣದ ಭಾಷೆಯಲ್ಲಿ ಹೇಳೋದಾದರೆ ಹಸಿರು ಕ್ರಾಂತಿಯ ಬೆನ್ನ ಹಿಂದೆ ಇದ್ದದ್ದು ಬೂದು (ಗ್ರೇ) ಹೈಡ್ರೋಜನ್. ಈ 'ಬೂದು' ಕೂಡ ಸುಮ್ನೆ ದಾರಿ ತಪ್ಪಿಸುತ್ತದೆ, ಓದಿದ ಗೆಳೆಯರೊಬ್ಬರು 'ಬೂದಿಯಿಂದ ತೆಗೀತಾರಾ?' ಅಂತ ಕೇಳಿದರು.

ಸರ್ಕಾರಗಳ ಹಸಿರೂ ಒಂದೇ ಅಲ್ಲ. ಭಾರತ 2023ರಲ್ಲಿ ಹಾಕಿದ ಗೆರೆ, ಹೈಡ್ರೋಜನ್ 1 ಕೆ.ಜಿ.ಗೆ ಹೆಚ್ಚೆಂದರೆ 2 ಕೆ.ಜಿ. ಕಾರ್ಬನ್ ಡೈಆಕ್ಸೈಡಿಗೆ ಸಮನಾದಷ್ಟು ಹೊಲಸು. ಯುರೋಪಿನ ಒಕ್ಕೂಟದ್ದು 3.38 ಕೆ.ಜಿ. ಗಿಳಿಹಸಿರು, ಪಾಚಿಹಸಿರು ಅಂತ ಕರೆಯೋಣವೇ? ಇಷ್ಟಾದರೂ ನಾನು 'ಹಸಿರು' ಬಿಡೋದಿಲ್ಲ. ಪತ್ರಿಕೆಗಳಲ್ಲಿ ಬೇರು ಬಿಟ್ಟಿದೆ, ಕೀಳೋಕೆ ಹೋಗೋದು ದಂಡ.

'ಜಲಜನಕ'ದ ಬಗ್ಗೆ ಜಗಳ ಇಲ್ಲ, ಬರೀ ನಗು. ಫ್ರೆಂಚ್ ವಿಜ್ಞಾನಿ ಲವಾಸಿಯೆ ಗ್ರೀಕಿನಲ್ಲಿ ಇಟ್ಟ ಹೆಸರನ್ನೇ ನಮ್ಮವರು ತಂದರು, ನೀರನ್ನು ಹುಟ್ಟಿಸುವುದು ಅಂತ. ಇಲ್ಲಿ ನೋಡಿದರೆ ನೀರನ್ನು ಒಡೆದು ಜಲಜನಕ ತೆಗೆಯುತ್ತೇವೆ. ಮಗನೇ ಅಪ್ಪನನ್ನು ಹೆತ್ತ ಹಾಗಾಯಿತು. ಲೇಖನದಲ್ಲಿ ಹೈಡ್ರೋಜನ್ ಅಂತಲೇ ಇಟ್ಟಿದ್ದೇನೆ.

'ಇಂಧನ'ಕ್ಕೆ ಬರುತ್ತೇನೆ. ಎನರ್ಜಿಗೂ ಇಂಧನ, ಫ್ಯುಯೆಲ್‌ಗೂ ಇಂಧನ ಅಂತ ಬರೆದು ಬರೆದು ಎರಡನ್ನೂ ಕಲಸಿಬಿಟ್ಟಿದ್ದೇವೆ. ಕಲ್ಲಿದ್ದಲು ನೆಲದಲ್ಲಿ ಸಿಗುತ್ತದೆ, ಅಗೆದು ಸುಡಬಹುದು. ನೆಲದಡಿ ಅಲ್ಲಲ್ಲಿ ಸಿಗುವ ಹೈಡ್ರೋಜನ್ ಬಿಟ್ಟರೆ ಉಳಿದದ್ದನ್ನು ನಾವೇ ನೈಸರ್ಗಿಕ ಅನಿಲವನ್ನೋ ಕರೆಂಟನ್ನೋ ಸುರಿದು ಮಾಡಬೇಕು, ಅದೂ ನಷ್ಟದಲ್ಲಿ. 50 ಯೂನಿಟ್ ಸುರಿದರೆ 1 ಕೆ.ಜಿ.ಯೊಳಗೆ ಉಳಿಯೋದು 33 ಯೂನಿಟ್. ಅದನ್ನು ಒತ್ತಿ ತುಂಬಿ ಅಥವಾ ಮೈನಸ್ 253 ಡಿಗ್ರಿಗೆ ತಣ್ಣಗೆ ಮಾಡಿ, ಸಾಗಿಸಿ, ಮತ್ತೆ ಕರೆಂಟು ಮಾಡುವ ಹೊತ್ತಿಗೆ ನೂರಕ್ಕೆ ಮೂವತ್ತು ಮೂವತ್ತೈದು ಕೈಗೆ ಬಂದರೆ ಹೆಚ್ಚು. ಪಂಪು ಹಾಕಿ ತುಂಬಿಸಿಟ್ಟ ಟ್ಯಾಂಕನ್ನು ಬಾವಿ ಅಂತ ಕರೆಯುತ್ತೇವಾ? 'ಶಕ್ತಿವಾಹಕ' ಅಂತ ಕೆಲವರು ಬರೆಯುತ್ತಾರೆ, ಆದರೆ ತಾಮ್ರದ ತಂತಿಯೂ 'ವಾಹಕ'ವೇ. ನನಗೆ ಹೊಳೆದದ್ದು 'ಬುತ್ತಿ'. ಬಿಸಿಲು ಜಾಸ್ತಿ ಇದ್ದಾಗ ಕಟ್ಟಿಟ್ಟುಕೊಂಡು, ಬೇಕಾದ ಕಡೆ ಹೊತ್ತೊಯ್ದು ಬಿಚ್ಚುವುದು. ಅತಿಯಾಯಿತು ಅನಿಸಿದರೆ ಮುಲಾಜಿಲ್ಲದೆ ಹೇಳಿ.

ಹಾಗಂತ ಇದು ದಂಡದ ಕೆಲಸ ಅಂತ ನಾನು ಬರೆಯುತ್ತಿಲ್ಲ. ಕಾರು ಓಡಿಸೋಕೆ ಬ್ಯಾಟರಿಯೇ ಸಾಕು, ಅಲ್ಲಿ ಹೈಡ್ರೋಜನ್ ಸುತ್ತುಬಳಸು. ಆದರೆ ಗೊಬ್ಬರಕ್ಕೆ ಹೈಡ್ರೋಜನ್ನೇ ಬೇಕು, ಬ್ಯಾಟರಿಯಿಂದ ಅಮೋನಿಯಾ ಬರೋಲ್ಲ. ಕಬ್ಬಿಣದ ಅದಿರಿನಿಂದ ಆಕ್ಸಿಜನ್ ಕಿತ್ತುಹಾಕೋಕೆ ಕಲ್ಲಿದ್ದಲಿನ ಬದಲು ಹೈಡ್ರೋಜನ್ ಹಾಯಿಸಿದರೆ ಹೊರಬರೋದು ನೀರಾವಿ. ಇದಕ್ಕೆ ಪಠ್ಯದಲ್ಲಿ 'ಅಪಕರ್ಷಣ' ಅಂತಿದೆ, ನಾನು 'ಕೀಳುವುದು' ಅಂತ ಬರೆದಿದ್ದೇನೆ. ಜಗತ್ತು ವರ್ಷಕ್ಕೆ 9 ಕೋಟಿ ಟನ್ನಿಗೂ ಜಾಸ್ತಿ ಹೈಡ್ರೋಜನ್ ಬಳಸುತ್ತದೆ, ಅದರಲ್ಲಿ ನೀರೊಡೆದು ಬರೋದು ನೂರಕ್ಕೆ ಒಂದು ಪಾಲೂ ಇಲ್ಲ. ಮೊದಲು ಈ ಬೂದನ್ನು ಹಸಿರು ಮಾಡಿದರೂ ದೊಡ್ಡ ಕೆಲಸವೇ.

ಕೊನೆಗೊಂದು ಸಣ್ಣ ಸಂದೇಹ. ಹೈಡ್ರೋಜನ್ ಉಕ್ಕಿನೊಳಗೆ ನುಸುಳಿ, ಬಾಗಬೇಕಾದ ಪೈಪು ಬಾಗದೆ ಬಿರುಕು ಬಿಡುವಂತೆ ಮಾಡುತ್ತದೆ. ಹಳೆ ಗ್ಯಾಸ್ ಪೈಪುಗಳಲ್ಲಿ ಹಾಗೇ ಹಾಯಿಸೋಕೆ ಹಿಂಜರಿಯೋದಕ್ಕೆ ಇದೂ ಒಂದು ಕಾರಣ. ಇದಕ್ಕೆ 'ಭಿದುರತೆ' ಅಂತ ಸಿಕ್ಕಿತು, ನಾಲಿಗೆ ತಡವರಿಸುತ್ತದೆ. 'ಉಕ್ಕು ಪೆಡಸಾಗುತ್ತದೆ' ಅಂತ ಬರೆದೆ. ಒಣಗಿದ ಚರ್ಮ, ಹಳೆ ರಬ್ಬರ್ ಪೆಡಸಾಯಿತು ಅನ್ನುತ್ತೇವಲ್ಲ, ಹಾಗೆ. ನಿಮ್ಮ ಬಳಕೆಯಲ್ಲಿ ಪೆಡಸಾದದ್ದು ಮುರಿಯುತ್ತದಾ, ಬರೀ ಬಿರುಸಾಗುತ್ತದಾ? ಮತ್ತೆ ಆ 'ಶುದ್ಧ'ಕ್ಕೆ ಏನಾದರೂ ಹೊಳೆದರೆ ಶನಿವಾರದೊಳಗೆ ತಿಳಿಸಿ, ಅಷ್ಟರಲ್ಲಿ ಲೇಖನ ಕಳಿಸಬೇಕು.