ಫರಸಿ ನೆಲದ ಮನೆ, ಹದಿನಾರು ತಿಂಗಳ ಮಗಳು, ಹತ್ತುವ ಏಣಿ

ಪ್ರಶ್ನೆ (ವಿಜಯಪುರದ ತಾಯಿ):
ಮೇಡಂ, ನಮಸ್ಕಾರ್ರಿ. ನನ್ನ ಮಗಳಿಗೆ ಹದಿನಾರು ತಿಂಗಳು. ಜ್ವಾಳದ ಚೀಲ, ದಿವಾನ, ಕಿಡಕಿ ಸರಳು, ಕಂಡದ್ದೆಲ್ಲಾ ಹತ್ತತಾಳ. ನಮ್ಮ ಅತ್ತಿಯವರು ಅಂಜಿ ಕೂಸಿನ್ನ ಕೆಳಗ ಬಿಡಾಂಗಿಲ್ಲ. ಆನ್‌ಲೈನ್‌ದಾಗ ಮುಕ್ಕೋಣದ ಕಟಗಿ ಏಣಿ ನೋಡೀನಿ, ಪಿಕ್ಲರ್ ಟ್ರೈಯಾಂಗಲ್ ಅಂತ. ತರಸಬೇಕೋ ಬ್ಯಾಡೋ? ಮನಿತುಂಬ ಫರಸಿ ಐತ್ರಿ.

ಉತ್ತರ (ಮಕ್ಕಳ ಫಿಜಿಯೋಥೆರಪಿಸ್ಟ್, ಬೆಳಗಾವಿ):
ಕೆಳಗೆ ಬಿಡ್ರಿ ತಾಯಿ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಯಾರ ಕೈಯನ್ನೂ ಹಿಡಿಯದೆ ಕುರ್ಚಿ, ಸೋಫಾ ಹತ್ತಿ ಇಳಿಯುತ್ತವೆ. ನಿಮ್ಮ ಮಗಳು ಮಾಡುತ್ತಿರುವುದು ಅದೇ. ಹತ್ತುವಾಗ ಬಲಗೈ, ಎಡಗಾಲು ಒಂದರ ಹಿಂದೊಂದು ಏಳಬೇಕು, ಬೆರಳು ಬಿಗಿ ಹಿಡಿಯಬೇಕು, ಮುಂದಿನ ಹೆಜ್ಜೆ ಎಷ್ಟು ದೂರ ಅಂತ ಕಣ್ಣು ಅಳೆಯಬೇಕು. ಕಿಡಕಿ ಸರಳಿಗಿಂತ ತಗ್ಗಿನ ಏಣಿ ಎಷ್ಟೋ ಒಳ್ಳೆಯದು.

ಆದರೆ ನೀವು ಕಡೆಗೆ ಬರೆದ ಫರಸಿಯೇ ನನಗೆ ಮೊದಲು ಕಾಣುತ್ತದೆ. ಏಣಿಗೆ ಹಾಕುವ ದುಡ್ಡಿನಲ್ಲಿ ಅರ್ಧ ನೆಲಕ್ಕೆ ಇಡಿ. ಕಲ್ಲಿನ ಮೇಲೆ ಹಾಸುವ ಜಮಖಾನೆಯಾಗಲಿ, ಜೋಡಿಸುವ ತೆಳು ರಬ್ಬರ್ ತುಂಡಾಗಲಿ ಪೆಟ್ಟು ತಡೆಯುವುದಿಲ್ಲ. ಜಿಮ್ನಾಸ್ಟಿಕ್ಸ್‌ನವರು ಬಳಸುವ ದಪ್ಪ ಫೋಮ್ ಮ್ಯಾಟ್ ಬೇಕು. ಏಣಿಯ ಕಾಲು ಮಾತ್ರ ಗಟ್ಟಿ ನೆಲದ ಮೇಲೇ ಊರಬೇಕು, ಗಾದಿ ಮೇಲೆ ಇಟ್ಟರೆ ತೊನೆದಾಡುತ್ತದೆ. ಸುತ್ತಲೂ ಆರು ಅಡಿಯೊಳಗೆ ಟಿಪಾಯಿ, ಟ್ರಂಕು, ಹೊಸ್ತಿಲಿನ ಚೂಪು ಅಂಚು ಇರಬಾರದು. ಎರಡು ವರ್ಷದೊಳಗಿನ ಕೂಸಿಗೆ ಎತ್ತರ 80 ಸೆಂ.ಮೀ. ದಾಟಬಾರದು. ನಿಮ್ಮ ಮನೆಗೆ 60 ಸಾಕು.

ಈ ಏಣಿಗೆ ಹೆಸರು ಬಂದದ್ದು ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ಅವರಿಂದ. 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಅನಾಥ ಶಿಶುಗಳ ಮನೆಯೊಂದನ್ನು ಶುರು ಮಾಡಿದವರು. ಕೂಸು ತಾನಾಗಿ ತಲುಪಲಾಗದ ಭಂಗಿಯಲ್ಲಿ ಅದನ್ನು ಕೂರಿಸಬೇಡಿ, ನಿಲ್ಲಿಸಬೇಡಿ ಎಂಬುದು ಅವರ ಮುಖ್ಯ ಮಾತು. ಇದನ್ನು ಓದಿಯೂ ನಾನು ನನ್ನ ಮಗನನ್ನು ಎತ್ತಿ ತುದಿಗೆ ಕೂರಿಸಿದ್ದೆ, ಫೋಟೋಕ್ಕೆ. ತಾನು ಹತ್ತಿ ಹೋಗಿದ್ದಲ್ಲವಾದ್ದರಿಂದ ಇಳಿಯುವ ದಾರಿ ಅವನಿಗೆ ಗೊತ್ತಿರಲಿಲ್ಲ. ಮುಂದಕ್ಕೆ ಬಾಗಿ ಬಿದ್ದ, ತುಟಿ ಒಡೆಯಿತು. ಅದಕ್ಕೇ ಹೇಳುತ್ತೇನೆ, ಎತ್ತಿ ಕೂರಿಸಬೇಡಿ. ಎರಡನೇ ಮೆಟ್ಟಿಲಿಗೇ ನಿಂತರೆ ನಿಲ್ಲಲಿ. ಇಳಿಯುವುದನ್ನು ಮೊದಲು ದಿವಾನದ ಮೇಲೇ ಕಲಿಸಿ: ಹೊಟ್ಟೆ ಮೇಲೆ ಮಲಗಿ, ಹಿಂದಕ್ಕೆ ಸರಿದು, ಕಾಲು ಮೊದಲು.

ಪ್ರಶ್ನೆ (ಇಳಕಲ್‌ನ ಒಬ್ಬ ತಂದೆ):
ನಮ್ಮ ಬಡಿಗ್ಯಾರ ಕಡಿಂದ ಮಾಡಿಸಿದ್ರ ನಡೀತೈತೇನ್ರಿ? ಇಲ್ಲಾಂದ್ರ ವೆಲ್ಡಿಂಗ್ ಮಾಡಿಸಿ ಅಂಗಳದಾಗ ನಿಲ್ಲಸಲೇನು?

ಉತ್ತರ:
ಬಡಿಗ್ಯಾರಿಂದಲೇ ಮಾಡಿಸಿ, ಅಳತೆ ಮಾತ್ರ ನೀವು ಕೊಡಿ. ಎರಡು ಅಡ್ಡ ಕೋಲುಗಳ ನಡುವಿನ ಖಾಲಿ ಜಾಗ 9 ಸೆಂ.ಮೀ.ಗಿಂತ ಕಡಿಮೆ ಇರಬೇಕು, 8 ಇಟ್ಟರೆ ಒಳ್ಳೆಯದು. 9ರಿಂದ 23 ಸೆಂ.ಮೀ. ಸಂದಿ ಅಪಾಯ. ಕಾಲು ಜಾರಿದರೆ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ, ಕೂಸು ಕೊರಳ ಮೇಲೆ ಜೋತು ಬೀಳುತ್ತದೆ. ಕೋಲಿನ ದಪ್ಪ 3 ಸೆಂ.ಮೀ. ಆಸುಪಾಸು ಇದ್ದರೆ ಪುಟ್ಟ ಕೈಗೆ ಹಿಡಿತ ಸಿಗುತ್ತದೆ. ಮೊಳೆ ಬೇಡ, ಸಡಿಲಾಗುತ್ತದೆ. ಬೋಲ್ಟು, ನೈಲಾನ್ ಬಳೆಯ ನಟ್ಟು ಹಾಕಿಸಿ. ಮಡಚುವ ಕೀಲಿದ್ದರೆ ಬೆರಳು ಸಿಗದಂತೆ ಮುಚ್ಚಿಸಿ.

ಬಣ್ಣದ ಬದಲು ಹಸಿ ಅಗಸಿ ಎಣ್ಣೆ ಸವರಿ, ಪೂರ್ತಿ ಒಣಗಿದ ಮೇಲೆ ಕೂಸಿಗೆ ಕೊಡಿ. ಪೇಂಟ್ ಅಂಗಡಿಯ ‘ಬಾಯ್ಲ್ಡ್’ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ರಾಸಾಯನಿಕ ಕೂಡಿಸಿರುತ್ತಾರೆ, ಕೂಸು ಕಚ್ಚುವ ಕಟ್ಟಿಗೆಗೆ ಅದು ಬೇಡ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಅಂಗಳದ ಕಬ್ಬಿಣಕ್ಕೆ ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಪೈಪು ಮುಟ್ಟಿದರೆ ಅಂಗೈ ಸುಡುತ್ತದೆ. ಕಟ್ಟಿಗೆಯದನ್ನು ಬೇವಿನ ನೆರಳಿಗೆ ಇಡಬಹುದು, ಕಾಲು ಗಟ್ಟಿ ನೆಲಕ್ಕೇ ಊರಿ, ಕೆಳಗೆ ಮತ್ತು ಸುತ್ತಲೂ ಸೋಸಿದ ಸಡಿಲ ಮರಳು ಒಂದು ಗೇಣು ಆಳ ಇರಲಿ. ರಾತ್ರಿ ತಾಡಪತ್ರಿ ಮುಚ್ಚಿ. ಬೆಕ್ಕು ಹೊಲಸು ಮಾಡುತ್ತದೆ, ಚೇಳು ಸೇರುತ್ತದೆ.

ಪ್ರಶ್ನೆ (ಬೆಳಗಾವಿಯ ಅಜ್ಜಿ):
ಮೊಮ್ಮಗ ಹತ್ತೊಂಬತ್ತು ತಿಂಗಳಾದ್ರೂ ನಡ್ಯಾಂಗಿಲ್ಲ. ವಾಕರ್ ಕೊಡಸೂಣೋ, ಈ ಏಣಿನೋ?

ಉತ್ತರ:
ಎರಡೂ ಈಗ ಬೇಡ ಅಮ್ಮ. ಹದಿನೆಂಟು ತಿಂಗಳು ದಾಟಿಯೂ ನಡೆಯದಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಈ ವಾರವೇ ಹೋಗಿ ಬನ್ನಿ. ಗಾಲಿ ವಾಕರ್ ಯಾವಾಗಲೂ ಬೇಡ, ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಪ್ರಶ್ನೆ (ವಿಜಯಪುರದ ತಾಯಿ):
ಅತ್ತಿಯವರೂ ಓದಿದ್ರು ಮೇಡಂ. ಉಡದಾರ, ತಾಯತ ಇದ್ದರ ನಡೀತೈತೇನು ಕೇಳು ಅಂದ್ರು.

ಉತ್ತರ:
ಅತ್ತೆಯವರು ಕೇಳಿದ್ದು ಬಹಳ ಒಳ್ಳೆಯದಾಯಿತು, ನಾನೇ ಬಿಟ್ಟಿದ್ದೆ. ಕೊರಳಲ್ಲಿ ತಾಯತದ ದಾರ, ಸರ ಏನೂ ಇರಬಾರದು, ಕೋಲಿಗೆ ಸಿಕ್ಕರೆ ಉಸಿರು ಕಟ್ಟುತ್ತದೆ. ಹತ್ತುವ ಮುಂಚೆ ತೆಗೆದಿಡಿ, ಇಳಿದ ಮೇಲೆ ಕಟ್ಟಿ. ಉಡದಾರ ಬಿಗಿಯಾಗಿ ಅಂಗಿಯೊಳಗಿದ್ದರೆ ತೊಂದರೆಯಿಲ್ಲ. ಉದ್ದ ಲಂಗ, ಕಾಲುಚೀಲ ಬೇಡ, ಬರಿಗಾಲು ಇರಲಿ. ಏಣಿ ಮನೆಗೆ ಬಂದ ದಿನ 9 ಸೆಂ.ಮೀ. ಅಗಲದ ಕಟ್ಟಿಗೆ ತುಂಡೊಂದನ್ನು ಪ್ರತಿ ಸಂದಿಯಲ್ಲೂ ತೂರಿಸಿ ನೋಡಿ. ಎಲ್ಲಿಯಾದರೂ ತೂರಿದರೆ ಮಾರಿದವರಿಗೋ, ಬಡಿಗ್ಯಾರಿಗೋ ವಾಪಸ್ ಕೊಡಿ. ಆಮೇಲೆ ಒಂದೊಂದು ಕೋಲಿನ ಮೇಲೂ ಒಮ್ಮೆ ನೀವೇ ನಿಲ್ಲಿ.