ಮೊದಲ ಕೈಬಂದೂಕು: .32 ರಿವಾಲ್ವರೋ, ಪಿಸ್ತೂಲೋ?

ಬ್ಯಾಡಗಿ ಪ್ಯಾಟಿ:
ಎಲ್ಲಾರಿಗೂ ನಮಸ್ಕಾರ್ರೀ. ಮೆಣಸಿನಕಾಯಿ ವ್ಯಾಪಾರ, ರೊಕ್ಕ ತಗೊಂಡು ರಾತ್ರಿ ಓಡಾಟ ಇರತೈತಿ. ಹಾವೇರಿ ಜಿಲ್ಲಾಧಿಕಾರಿ ಕಚೇರಿಯಿಂದ ಆತ್ಮರಕ್ಷಣೆಗಂತ ಲೈಸೆನ್ಸ್ ಮಂಜೂರಾಗೈತಿ, ಇನ್ನೂ ಏನೂ ಕೊಂಡಿಲ್ಲ. ವಿಡಿಯೊದಾಗ ಎಲ್ಲಾರೂ 9 ಎಂಎಂ ಗ್ಲಾಕ್ ಪಿಸ್ತೂಲ್ ತಗೋ ಅಂತಾರ. ಏನು ತಗೊಂಡ್ರ ಚಲೋ? ವಾರಕ್ಕೊಮ್ಮೆ ರೇಂಜಿನಾಗ ಪ್ರಾಕ್ಟೀಸಿಗೂ ಅದ ಆಗಬೇಕು.

ಕೆಂಪುಮಣ್ಣು:
ಆ ವಿಡಿಯೊ ಮೊದಲ ಬದಿಗಿಡ್ರಿ. ನಮ್ಮ ದೇಶದಾಗ 9 ಎಂಎಂ ನಿಷೇಧಿತ ಬೋರ್ (ನಳಿಗಿ ಅಳತಿ), ನಿಮ್ಮ ಲೈಸೆನ್ಸಿಗೆ ಸಿಗೂದಿಲ್ಲ. ನಿಮ್ಮ ಮುಂದಿರೂದು .32. ಅದರಾಗೂ ಎರಡು ಥರದ ಕಾಡತೂಸು ಅದಾವು: ರಿವಾಲ್ವರಿಂದು ಉದ್ದಂದು (7.65×23), ಪಿಸ್ತೂಲಿಂದು ಗಿಡ್ಡಂದು (7.65×17). ಒಂದರದು ಇನ್ನೊಂದಕ್ಕ ಹಾಕಬಾರದು. ಅಂಗಡ್ಯಾಗ ಬರೇ "ಪಾಯಿಂಟ್ ಮೂವತ್ತೆರಡು ಕೊಡ್ರಿ" ಅನಬ್ಯಾಡ್ರಿ, ಡಬ್ಬಿ ಮ್ಯಾಲ ಬರದದ್ದು ಓದಿ ತಗೋರಿ.

ಮೊದಲನೇದಕ್ಕ ರಿವಾಲ್ವರ್ ಅಂತನ ನಾ ಹೇಳತೀನಿ. ಆಪತ್ತಿನಾಗ ಕಾಡತೂಸು ಸಿಡೀಲಿಲ್ಲಂದ್ರ ಟ್ರಿಗರ್ ಮತ್ತೊಮ್ಮೆ ಎಳದ್ರ ಸಾಕು, ಮುಂದಿನದು ಬರತೈತಿ. ಪಿಸ್ತೂಲಿನಾಗ ಸ್ಲೈಡ್ (ಮ್ಯಾಲಿನ ಜಾರೂ ಭಾಗ) ಜಗ್ಗಿ ಕೆಟ್ಟದ್ದನ್ನ ಹೊರಗ ಹಾಕಬೇಕು. ಗಾಬರ್ಯಾಗ ಹೊಸಬರಿಗೆ ಅದು ನೆನಪಾಗೂದಿಲ್ಲ. ಮಣಿಕಟ್ಟು ಸಡಿಲ ಬಿಟ್ಟು ಹೊಡದ್ರ ಸ್ಲೈಡ್ ಪೂರ್ತಿ ಹಿಂದ ಹೋಗದ ಸಿಡಿದ ಕಾಡತೂಸಿನ ಖಾಲಿ ಕೊಳವಿ ಬಾಯಾಗ ಸಿಕ್ಕೊಂಡು ನಿಂದರತೈತಿ. ಎಲ್ಲಾಕ್ಕಿಂತ ಅಪಾಯದ್ದು ಅಂದ್ರ, ಪಿಸ್ತೂಲಿನ ಮ್ಯಾಗಜೀನ್ (ಗುಂಡಿನ ಪೆಟ್ಟಿಗಿ) ತಗದ ಕೂಡಲೇ ಖಾಲಿ ಆತು ಅಂತ ತಿಳೀತಾರ. ನಳಿಗಿ ಹಿಂದಿನ ಚೇಂಬರಿನಾಗ ಇನ್ನೊಂದು ಕುಂತಿರತೈತಿ.

ಕಾನ್ಪುರದ ಸರ್ಕಾರಿ ಕಾರ್ಖಾನ್ಯಾಗಿನ ಮೂರು ರಿವಾಲ್ವರ್ ನೋಡ್ರಿ. ಹಳೇ ಮಾರ್ಕ್ 3 ನಡು ಮುರದು ತೆರಿಯೂವಂಥಾದ್ದು, 6 ಗುಂಡು, ಸುಮಾರು 700 ಗ್ರಾಂ. 2014ರ ನಿರ್ಭೀಕ್ 500 ಗ್ರಾಂ ಆಸುಪಾಸು. 2023ರ ಪ್ರಬಲ್‌ನಾಗ ಗುಂಡು ತುಂಬೂ ಸಿಲಿಂಡರ್ ಪಕ್ಕಕ್ಕ ಹೊರಳತೈತಿ, ಅದೂ 700ರ ಸುತ್ತಮುತ್ತ. ಹಗುರಾದ್ದು ಹೊರಾಕ ಸುಖ, ಹೊಡ್ಯಾಕ ಕಷ್ಟ. ಕೈಗೆ ಒದೆತ ಹೆಚ್ಚು. ಹೆಸರಿಗಿಂತ ಕೈ ಅಳತಿ ಮುಖ್ಯ. ಗಟ್ಟಿ ಹಿಡದಾಗ ತೋರಬೆರಳು ಟ್ರಿಗರಿಗೆ ಸಹಜವಾಗಿ ಮುಟ್ಟಬೇಕು. ಮುಟ್ಟಸಾಕ ಹಿಡಿತ ತಿರುಗಸಬೇಕಾಯ್ತಂದ್ರ ಅದು ನಿಮ್ಮ ಕೈಗೆ ಮಾಡಿದ್ದಲ್ಲ.

ಹತ್ತು ಮೀಟರ್:
ಆಯ್ಕೆ ಸರಿ ಇದೆ. ಆದರೆ ವಾರಕ್ಕೊಮ್ಮೆ .32 ಹೊಡೆಯುವ ಆಸೆ ಬಿಡಿ ಸರ್. ಎಷ್ಟು ಕಾಡತೂಸು ಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ನಮೂದಾಗಿರುತ್ತೆ, ಅದು ಬೇಗ ಮುಗಿಯುತ್ತೆ. ಪ್ರಾಕ್ಟೀಸಿಗೆ 4.5 ಎಂಎಂ ಏರ್ ಪಿಸ್ತೂಲ್ ಬೇರೆ ಇಟ್ಟುಕೊಳ್ಳಿ. 20 ಜೂಲ್ ಒಳಗಿನ ಶಕ್ತಿಯದಕ್ಕೆ ಲೈಸೆನ್ಸ್ ಬೇಕಿಲ್ಲ. 10 ಮೀಟರ್ ಗುರಿಹಲಗೆಯ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್, ರೂಪಾಯಿ ನಾಣ್ಯದ ಸುಮಾರು ಅರ್ಧ ಅಗಲ. ಅಲ್ಲಿ ಕಲಿತ ಉಸಿರು, ನೋಟ, ನಿಲುವು ಎಲ್ಲ .32ಗೂ ಬರುತ್ತೆ.

ಬಾರದೇ ಇರುವುದು ಟ್ರಿಗರ್ ಭಾರ. ಸ್ಪರ್ಧೆಯ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ; ರಿವಾಲ್ವರ್‌ನ ಹ್ಯಾಮರ್ (ಹಿಂಬದಿಯ ಕುಟ್ಟುವ ಭಾಗ) ಎತ್ತದೆ ಎಳೆದರೆ ಅದರ ಹಲವು ಪಟ್ಟು. ಆ ಭಾರಕ್ಕೆ ಬೆರಳು ಜರ್ಕ್ ಕೊಟ್ಟಾಗ ಬಲಗೈಯವರ ಗುಂಡು ಎಡಕ್ಕೆ, ಕೆಳಕ್ಕೆ ಹೋಗುತ್ತೆ. ಮದ್ದು: ನಿಜವಾದ ಕಾಡತೂಸು ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರಿಗೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಕಾಡತೂಸು) ಹಾಕಿ, ಗಟ್ಟಿ ಗೋಡೆಯತ್ತ ಹಿಡಿದು ದಿನಾ ಹತ್ತು ನಿಮಿಷ ಒಣ ಅಭ್ಯಾಸ. ಮುಂದಿನ ಗುರಿಕಡ್ಡಿ ಅಲುಗದೆ ಹ್ಯಾಮರ್ ಬೀಳಬೇಕು.

ರೇಂಜಿನಲ್ಲಿ .32 ಹೊಡೆಯುವಾಗ "ಟಪ್" ಅಂತ ಸಪ್ಪೆ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು, ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತೆ. ಸದ್ದೇ ಬರದಿದ್ದರೆ 30 ಸೆಕೆಂಡ್ ಗುರಿಯತ್ತಲೇ ಹಿಡಿದು ಆಮೇಲೆ ತೆರೆಯಿರಿ. ಕೆಲವು ತಡವಾಗಿ ಸಿಡಿಯುತ್ತವೆ.

ಬ್ಯಾಡಗಿ ಪ್ಯಾಟಿ:
ಬಹಳ ಉಪಕಾರ ಆತ್ರೀ. ಅಂಗಡ್ಯಾಗ ಏನೇನು ತಪಾಸಬೇಕು? ಇಲ್ಲಿ ಧೂಳಂದ್ರ ಧೂಳು.

ಕೆಂಪುಮಣ್ಣು:
ಖಾಲಿ ಐತೇನಂತ ನೀವ ನೋಡಿದ ಮ್ಯಾಲ, ಹ್ಯಾಮರ್ ಎತ್ತಿ ಸಿಲಿಂಡರ್ ಅಲುಗಾಡಿಸಿ ನೋಡ್ರಿ. ಕೂದಲೆಳಿಯಷ್ಟು ಅಲುಗಿದ್ರ ನಡೀತೈತಿ, ಕಟಕಟ ಅಂದ್ರ ವಾಪಸ್ ಇಡ್ರಿ. ಸಿಲಿಂಡರಿನಾಗ ಗುಂಡು ಕುಂದರೂ ಆರೂ ಮನಿಗೆ ಹಿಂಗ ಮಾಡ್ರಿ. ನಳಿಗ್ಯಾಗ ಬೆಳಕು ಹಾಯಿಸಿ ಉಬ್ಬು ಐತೇನು ನೋಡ್ರಿ. ಬಂದೂಕಿನ ಮ್ಯಾಲಿನ ನಂಬರ್ ಬಿಲ್ಲಿನಾಗಿಂದಕ್ಕ ಅಂಕಿ ಅಂಕಿ ಹೊಂದಬೇಕು, ಆ ನಂಬರನ ಲೈಸೆನ್ಸಿನಾಗ ಏರೂದು.

ಧೂಳಿಗೆ ಒಂದು ಮಾತು. ಎಣ್ಣಿ ಸುರದಷ್ಟೂ ಮೆಣಸಿನ ಧೂಳು ಅಂಟತೈತಿ. ತೆಳ್ಳಗ ಸವರಿ, ಒಣ ಅರಿವ್ಯಾಗ ಒರಸಿಬಿಡ್ರಿ. ಕೊಬ್ಬರಿ ಎಣ್ಣಿ ಬ್ಯಾಡವೇ ಬ್ಯಾಡ, ಚಳಿಗಾಲಕ್ಕ ಹೆಪ್ಪುಗಟ್ಟತೈತಿ. ಗನ್ ಎಣ್ಣಿ ಸಿಗದಿದ್ರ ಹೊಲಿಗಿ ಮಷಿನ್ನಿಂದು ನಡೀತೈತಿ. ಖಾಲಿ ಕೊಳವಿ ಹೊರದಬ್ಬೂ ನಕ್ಷತ್ರದ ಆಕಾರದ ಭಾಗದ ಕೆಳಗ ಸುಡದ ಮದ್ದಿನ ಹರಳು ಕುಂದರತಾವು. ಎರಡು ಹರಳು ಕುಂತ್ರೂ ಸಿಲಿಂಡರ್ ಮುಚ್ಚೂದಿಲ್ಲ. ಹಳೇ ಹಲ್ಲುಜ್ಜೂ ಬ್ರಷ್ ಸಾಕು.

ಮಳಿಗಾಲದಾಗ ಚರ್ಮದ ಚೀಲದಾಗ ಇಟ್ಟು ಮರೀಬ್ಯಾಡ್ರಿ, ತೇವ ಹಿಡದು ತುಕ್ಕು ಬರತೈತಿ. ಬಂದೂಕು ಒಂದು ತಿಜೋರ್‍ಯಾಗ, ಕಾಡತೂಸು ಇನ್ನೊಂದರಾಗ, ಎರಡೂ ಕೀಲಿ ನಿಮ್ಮ ಹತ್ರನ. ಮತ್ತ ರೊಕ್ಕ ಬಿಟ್ಟು ಓಡೂವನ ಬೆನ್ನಿಗೆ ಹೊಡಿಯೂದು ಆತ್ಮರಕ್ಷಣೆ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಮು ಕೊಳ್ಳೂಕಿಂತ ಮೊದಲ ಓದ್ರಿ.

ಹತ್ತು ಮೀಟರ್:
ಒಂದು ಸೇರಿಸ್ತೀನಿ: ಹಿಡಿಯುವಾಗ ಎಡಗೈ ಬೆರಳು ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯ ಪಕ್ಕ ಬರಬಾರದು. ಅಲ್ಲಿಂದ ಬಿಸಿ ಅನಿಲ ಹಾರಿ ಚರ್ಮ ಸುಡುತ್ತೆ. ಪಿಸ್ತೂಲ್ ಹಿಡಿತದ ವಿಡಿಯೊ ನೋಡಿ ಹಾಗೇ ರಿವಾಲ್ವರ್ ಹಿಡಿಯಬೇಡಿ; ಎರಡೂ ಕೈ ಹಿಡಿಕೆಯ ಮೇಲೆ, ಸಿಲಿಂಡರಿನ ಹಿಂದೆಯೇ ಇರಲಿ.