ಸೀರಂ ಜೆಂಟಾಮೈಸಿನ್: ಪ್ಲೇಟ್‌ನಲ್ಲಿ ಅಂಕಿ ಜಾಸ್ತಿ ಬರುತ್ತಿದೆ

ಪ್ರಶ್ನೆ: ರೋಗಿಯ ಸೀರಂನಲ್ಲಿ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಎಷ್ಟಿದೆ ಎಂದು, ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದ ಬೀಜಕ ಬೆರೆಸಿದ ಅಗರ್ ಪ್ಲೇಟ್‌ನಲ್ಲಿ ಅಳೆಯುತ್ತಿದ್ದೇವೆ: ಔಷಧ ಹೆಚ್ಚಿದ್ದಷ್ಟೂ ಸ್ಯಾಂಪಲ್ ಹಾಕಿದ ಬಾವಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ದೊಡ್ಡದು. ಇಮ್ಯುನೊಅಸ್ಸೇ (ಪ್ರತಿಕಾಯ ಬಳಸುವ ಪರೀಕ್ಷೆ) ಲೀಟರಿಗೆ 4 ಮಿ.ಗ್ರಾಂ ಎಂದರೆ ಪ್ಲೇಟ್ 9 ಎನ್ನುತ್ತದೆ. ರೋಗಿಗೆ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ (ಪೆನಿಸಿಲಿನ್ ಬಗೆಯ ಆಂಟಿಬಯೋಟಿಕ್ ಮತ್ತು ಅದನ್ನು ಒಡೆಯದಂತೆ ಕಾಯುವ ಜೊತೆ ಔಷಧ) ಕೂಡ ಹೋಗುತ್ತಿದೆ. ಸ್ಟ್ಯಾಂಡರ್ಡ್‌ಗಳು (ಹೋಲಿಕೆಗೆ ಬಳಸುವ, ಸಾಂದ್ರತೆ ಗೊತ್ತಿರುವ ದ್ರಾವಣಗಳು) ಫಾಸ್ಫೇಟ್ ಬಫರ್‌ನಲ್ಲಿವೆ. ತಪ್ಪೆಲ್ಲಿ?

ಉತ್ತರ 1: ಪಿಪೆರಾಸಿಲಿನ್ನೇ ಇರಬೇಕು. ಯಾವ ಔಷಧ ತನ್ನನ್ನು ತಡೆಯಿತೆಂದು ಬ್ಯಾಕ್ಟೀರಿಯಾ ಹೇಳುವುದಿಲ್ಲವಲ್ಲ! ಸ್ಯಾಂಪಲ್‌ಗೆ ಪಿಪೆರಾಸಿಲಿನ್ ಅನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಎನ್‌ಜೈಮ್ ಬೆರೆಸಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಆದರೆ ಅದರ ಸಾಮಾನ್ಯ ಬಗೆಯಾದ ಪೆನಿಸಿಲಿನೇಸ್ ತಂದರೆ ಟಾಜೊಬ್ಯಾಕ್ಟಮ್ ಅದನ್ನೇ ಕಟ್ಟಿಹಾಕುತ್ತದೆ. ಸತು ಬೇಡುವ ಮೆಟಲೊ ಬಗೆಯದು ಬೇಕು. ಜೆಂಟಾಮೈಸಿನ್ ಇಲ್ಲದ, ಈ ಎರಡು ಔಷಧ ಮತ್ತು ಎನ್‌ಜೈಮ್ ಇರುವ ಸೀರಂ ಒಂದು ಬಾವಿಯಲ್ಲಿರಲಿ. ಅಲ್ಲಿ ವಲಯ ಮೂಡಿದರೆ ಎನ್‌ಜೈಮ್ ಸಾಲದು. ಎನ್‌ಜೈಮ್‌ನಿಂದ ಸ್ಯಾಂಪಲ್ ತೆಳುವಾಗುತ್ತದೆ, ಹಾಗಾಗಿ ಸ್ಟ್ಯಾಂಡರ್ಡ್‌ಗೂ ಅಷ್ಟೇ ಹಾಕಿ.

ಉತ್ತರ 2: ಬಫರ್ ಸ್ಟ್ಯಾಂಡರ್ಡ್ ಬಿಡಿ, ಔಷಧವಿಲ್ಲದ ಸೀರಂನಲ್ಲಿ ಮಾಡಿ. ಪ್ಲೇಟ್ ಸಮತಟ್ಟಾದ ಜಾಗದಲ್ಲಿ ಸುರಿಯಿರಿ; ಅಗರ್ ತೆಳುವಿದ್ದ ಕಡೆ ವಲಯ ದೊಡ್ಡದಾಗುತ್ತದೆ. ಅಗರ್‌ನ ಪಿಎಚ್ ಸುಮಾರು 8 ಇರಲಿ, ಆಮ್ಲೀಯವಾದರೆ ಜೆಂಟಾಮೈಸಿನ್ ಮಂಕಾಗುತ್ತದೆ. ವ್ಯಾಸವನ್ನು ಸ್ಕೇಲ್‌ನಲ್ಲಲ್ಲ, ಕ್ಯಾಲಿಪರ್‌ನಲ್ಲಿ ಅಳೆಯಿರಿ: ಸಾಂದ್ರತೆ ಇಮ್ಮಡಿಯಾದಾಗ ವಲಯ 2 ಮಿ.ಮೀ. ಮಾತ್ರ ಹಿಗ್ಗುವ ಪ್ಲೇಟ್‌ನಲ್ಲಿ 1 ಮಿ.ಮೀ. ಜಾಸ್ತಿ ಓದಿದರೆ ಉತ್ತರ ಶೇ. 40ರಷ್ಟು ಏರುತ್ತದೆ.

ಉತ್ತರ 3: ಇಮ್ಯುನೊಅಸ್ಸೇಯ 4 ಅನ್ನೂ ಪೂರ್ತಿ ನಂಬಬೇಡಿ. ಪಿಪೆರಾಸಿಲಿನ್ ಟ್ಯೂಬ್‌ನೊಳಗೇ ಜೆಂಟಾಮೈಸಿನ್ ಅನ್ನು ನಿಷ್ಕ್ರಿಯಗೊಳಿಸುತ್ತಾ ಹೋಗುತ್ತದೆ. ಸೀರಂ ಬೇರ್ಪಡಿಸಿದ ಕೂಡಲೇ ಪರೀಕ್ಷಿಸಿ, ತಡವಾಗುವುದಾದರೆ ಮೈನಸ್ 70ರಲ್ಲಿಡಿ.